ಖಾತೆಗೆ ತಕರಾರು ಬಂದಿದೆ

ನನಗೆ ಸಂಬಳ ಬರುವುದು ಜನರ ವೆಬ್‌ಸೈಟು ನಿಲ್ಲಿಸುವುದಕ್ಕೆ. ಹೀಗೆಂದರೆ ತರೀಕೆರೆಯಲ್ಲಿ ನಮ್ಮ ಬೀದಿಯವರು ನಗುತ್ತಾರೆ. "ಕಟ್ಟೋದಕ್ಕೆ ಕೊಡ್ತಾರೆ ಅಂತ ಕೇಳಿದ್ವಿ, ಕೆಡವೋದಕ್ಕೂ ಕೊಡ್ತಾರಾ?" ಎಂದು ಎದುರುಮನೆಯ ಅಜ್ಜಿ ಒಮ್ಮೆ ಕೇಳಿದ್ದರು. ಕೊಡುತ್ತಾರೆ ಅಜ್ಜಿ, ಕಟ್ಟಿದವರಿಗಿಂತ ಕಡಿಮೆ ಕೊಡುತ್ತಾರೆ, ಬೈಗುಳ ಮಾತ್ರ ಹೆಚ್ಚು ಎಂದಿದ್ದೆ.

ಕಡೂರಿನ ಬಸ್‌ ಸ್ಟ್ಯಾಂಡಿನ ಹತ್ತಿರ ಕಬ್ಬಿಣದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಂಪನಿ. ಯಜಮಾನರು, ಯಂತ್ರ ನೋಡಿಕೊಳ್ಳುವ ಇಂಜಿನಿಯರು, ನಾನು, ಮೂರೇ ಜನ. ಯೂರೋಪಿನ ಒಂದು ಕಂಪನಿಯಿಂದ ದೊಡ್ಡ ಕಂಪ್ಯೂಟರೊಂದನ್ನು ಬಾಡಿಗೆಗೆ ಹಿಡಿದು, ಅದರಲ್ಲಿ ಜಾಗ ಮಾಡಿ ಸುತ್ತಲಿನವರಿಗೆ ಕೊಡುತ್ತೇವೆ. ಕೊಬ್ಬರಿ ಮಂಡಿಯವರು, ಖಾಸಗಿ ಶಾಲೆಗಳು, ಸಸಿ ಮಾರುವವರು, ಒಂದು ಮಠದ ಟ್ರಸ್ಟು, ಕಲ್ಯಾಣಮಂಟಪಗಳು, ಎಲ್ಲರ ವೆಬ್‌ಸೈಟೂ ಮೇಲ್ ಪೆಟ್ಟಿಗೆಯೂ ಆ ಒಂದೇ ಯಂತ್ರದಲ್ಲಿವೆ. ನನ್ನ ಮೇಜಿಗೆ ದೂರು ವಿಭಾಗ ಎಂದು ಹೆಸರು. ವಿಭಾಗ ಎಂದರೆ ಒಂದು ಕುರ್ಚಿ ಮತ್ತು ನಾನು.

ಕುಳಿತಲ್ಲಿ ಕುಳಿತಿರುವ ಜಾಯಮಾನ ನನ್ನದಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಬೀರೂರು ದಾಟುವಷ್ಟರಲ್ಲಿ ಎದ್ದು ಬಾಗಿಲ ಹತ್ತಿರ ನಿಂತಿರುತ್ತೇನೆ. ಹಾಲು ಒಲೆಯ ಮೇಲಿದ್ದರೆ ಉಕ್ಕುವ ಮೊದಲೇ ಮೂರು ಸಲ ಇಳಿಸಿ ಏರಿಸುತ್ತೇನೆ. ಇಂಥವಳಿಗೆ ಈ ಕೆಲಸ ಕೊಟ್ಟಿದ್ದು ಹುಚ್ಚು ಮಂಗನಿಗೆ ಹೆಂಡ ಕುಡಿಸಿದಂತಾಯಿತು. ಏಕೆಂದರೆ ಈ ಕೆಲಸ ಇರುವುದೇ ಗಡಿಬಿಡಿಯ ಮೇಲೆ.

ಅದು ನಡೆಯುವುದು ಹೀಗೆ. ನಮ್ಮ ಯಂತ್ರದಲ್ಲಿರುವ ಅಷ್ಟೂ ಗಿರಾಕಿಗಳ ಮೇಲ್ ಹೊರಗೆ ಹೋಗುವುದು ಒಂದೇ ವಿಳಾಸದಿಂದ, ಒಂದು ವಠಾರಕ್ಕೆ ಒಂದೇ ಬೀದಿಬಾಗಿಲು ಇದ್ದ ಹಾಗೆ. ವಠಾರದ ಒಬ್ಬರು ಕೇಳದವರಿಗೆಲ್ಲ ಸಾವಿರಗಟ್ಟಲೆ ಮೇಲ್ ಕಳಿಸಿದರೆ, ಅದನ್ನು ಕಾಯುವುದಕ್ಕೆಂದೇ ಲೋಕದಲ್ಲಿ ಎಲ್ಲೆಲ್ಲೋ ಇರುವವರು ಆ ಬಾಗಿಲಿನ ನಂಬರನ್ನು ಕಪ್ಪುಪಟ್ಟಿಗೆ ಸೇರಿಸುತ್ತಾರೆ. ಆಮೇಲೆ ಶಾಲೆಯವರು ಕಳಿಸಿದ ಅಂಕಪಟ್ಟಿಯೂ ವಾಪಸು, ಮಂಡಿಯವರು ಕಳಿಸಿದ ರೇಟೂ ವಾಪಸು. ಯಾರೋ ಮಾಡಿದ್ದಕ್ಕೆ ಎಲ್ಲರಿಗೂ ಶಿಕ್ಷೆ. ಅಷ್ಟರಲ್ಲಿ ಯೂರೋಪಿನ ಕಂಪನಿಯಿಂದ ಒಂದು ಸಾಲಿನ ಪತ್ರ ಬರುತ್ತದೆ: ನಿಮ್ಮ ಮೇಲೆ ದೂರಿದೆ, ಒಂದು ದಿನದೊಳಗೆ ಸರಿಮಾಡಿ, ಇಲ್ಲವಾದರೆ ಇಡೀ ಯಂತ್ರ ನಿಲ್ಲಿಸುತ್ತೇವೆ. ಅದನ್ನು ಬರೆಯುವುದು ಮನುಷ್ಯರೋ ಯಂತ್ರವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಒಂದು ದಿನದ ಗಡುವನ್ನು ನಾನು ಕೆಳಗಿನ ಗಿರಾಕಿಗೆ ದಾಟಿಸುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಮೊದಲು ನಿಲ್ಲಿಸು, ಆಮೇಲೆ ಕೇಳು. ಇದು ನಮ್ಮಲ್ಲಿನ ರೂಢಿ, ದೊಡ್ಡ ದೊಡ್ಡ ಕಂಪನಿಗಳಲ್ಲೂ ಹೆಚ್ಚುಕಡಿಮೆ ಇದೇ ರೂಢಿ ಎನ್ನುತ್ತಾರೆ. ಕೇಳುತ್ತ ಕುಳಿತರೆ ವಠಾರವೇ ಮುಳುಗುತ್ತದೆ. ನನಗೂ ಅದೇ ಬೇಕಿತ್ತು. ಪರದೆಯ ಮೇಲೆ ಮೇಲ್‌ಗಳ ಸಾಲು ಉದ್ದವಾಗುತ್ತಿರುವುದನ್ನು ನೋಡಿದರೆ ನನ್ನ ಕಾಲು ತಾನಾಗಿ ಅಲ್ಲಾಡುತ್ತದೆ. ಬಟನ್ ಒತ್ತಿ ಆ ಗಿರಾಕಿಯನ್ನು ನಿಲ್ಲಿಸಿದ ಮೇಲೆಯೇ ಚಹಾ ರುಚಿಸುವುದು.

ಸ್ಪ್ಯಾಮ್, ಅಂದರೆ ಇಂಥ ಕೇಳದ ಮೇಲ್, ಕಳಿಸುವವರೆಂದರೆ ಎಲ್ಲರೂ ಕಳ್ಳರೇನಲ್ಲ. ಕೆಲವರಿಗೆ ಅದು ತಪ್ಪು ಎಂಬುದೇ ತಲೆಗೆ ಹೋಗುವುದಿಲ್ಲ. ಸಖರಾಯಪಟ್ಟಣದ ಕಡೆಯ ಒಬ್ಬ ಕಲ್ಯಾಣಮಂಟಪದವರು ಎಲ್ಲಿಂದಲೋ ಹನ್ನೆರಡು ಸಾವಿರ ವಿಳಾಸ ಸಂಪಾದಿಸಿ, ಹೊಸ ಊಟದ ಮನೆಯ ಪ್ರಾರಂಭಕ್ಕೆ ಎಲ್ಲರಿಗೂ ಆಮಂತ್ರಣ ಕಳಿಸಿಬಿಟ್ಟಿದ್ದರು. ನಾನು ನಿಲ್ಲಿಸಿದೆ. ಮೂರು ದಿನ ಬಿಟ್ಟು ಫೋನು ಮಾಡಿ ಜಗಳಕ್ಕೆ ನಿಂತರು.

"ನಮ್ಮನ್ನ ಕರೀರಿ ಅಂತ ಅವರು ಕೇಳಿದ್ರಾ?" ಎಂದೆ.

"ಅಲ್ಲ ಕಣಮ್ಮ, ಕರೆಯೋಕೆ ಯಾರಾದ್ರೂ ಅಪ್ಪಣೆ ಕೇಳ್ತಾರಾ? ನಿಮ್ಮನೇಲಿ ಮದ್ವೆ ಆದ್ರೆ, ಕಾಗ್ದ ಕೊಡ್ಲಾ ಬೇಡ್ವಾ ಅಂತ ಮನೆಮನೆಗೆ ಹೋಗಿ ಕೇಳ್ಕಂಡ್ ಬತ್ತೀರಾ? ಕರೀದೇ ಬಿಟ್ರೆ ತಾನೇ ಜನ ಮುನಿಸ್ಕೊಳ್ಳೋದು."

ಒಪ್ಪಿಗೆಯಿಲ್ಲದೆ ಕಳಿಸಬಾರದು ಎಂಬ ನಿಯಮದ ಮೇಲೆ ನಿಂತಿರುವ ನನ್ನ ವಿಭಾಗಕ್ಕೆ ಈ ಮಾತಿಗೆ ಉತ್ತರ ಕೊಡಲು ಇಂದಿಗೂ ಆಗಿಲ್ಲ. ಮೂರು ದಿನ ಏಕೆ ಸುಮ್ಮನಿದ್ದಿರಿ, ನೋಟಿಸು ಕಳಿಸಿದ್ದೆವಲ್ಲ ಎಂದು ಕೇಳಿದೆ. "ಅದೇನೋ ಇಂಗ್ಲಿಷಲ್ಲಿ ಬಂದಿತ್ತು. ಸ್ಪ್ಯಾಮ್ ಅಂದ್ಕೊಂಡು ಡಿಲೀಟ್ ಮಾಡ್ದೆ" ಎಂದರು.

ಫೋನಿಟ್ಟವಳೇ ಯಜಮಾನರ ಮುಂದೆ ಹೋಗಿ ನಿಂತೆ. ನೋಟಿಸು ಕನ್ನಡದಲ್ಲಿರಬೇಕು, ಮೇಲ್ ಮಾತ್ರವಲ್ಲ, ಫೋನಿಗೆ ಮೆಸೇಜೂ ಹೋಗಬೇಕು ಎಂದೆ. ಅವರಿಗೆ ಮನಸ್ಸಿರಲಿಲ್ಲ. "ಇಂಗ್ಲಿಷಲ್ಲಿದ್ರೆ ಒಂದು ತೂಕ ಕಣ್ರೀ" ಎಂದರು. ನಾನು ಬಿಡಲಿಲ್ಲ. ಅರ್ಥವಾಗದ ತೂಕ ಯಾರಿಗೆ ಬೇಕು, ನಮ್ಮ ಜನಕ್ಕೆ ನಮ್ಮ ಮಾತಿನಲ್ಲಿ ಹೇಳಲು ನಿಮಗೇನು ಕಷ್ಟ ಎಂದು ಒಂದು ವಾರ ತಲೆ ತಿಂದೆ. ಕೊನೆಗೆ "ನೀವೇ ಬರೀರಿ" ಎಂದರು.

ಬರೆದೆ. ನನ್ನ ಅಪ್ಪ ತರೀಕೆರೆ ತಾಲ್ಲೂಕು ಕಚೇರಿಯ ಹೊರಗೆ ಮರದಡಿ ಕುಳಿತು ಅರ್ಜಿ ಬರೆದುಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರ ಪಕ್ಕದಲ್ಲಿ ಕುಳಿತು ಕಾಗದ ಮಡಚಿ ಕೊಡುತ್ತಿದ್ದವಳು ನಾನು. ತಕರಾರು, ಇತ್ಯರ್ಥ, ಅಮಾನತು, ರದ್ದು, ಇವೆಲ್ಲ ನನಗೆ ಕಂಪ್ಯೂಟರಿಗಿಂತ ಹಳೆಯ ಪರಿಚಯ. ಇಂಗ್ಲಿಷಿನ ಒಂದೊಂದು ಮಾತಿಗೂ ಅಪ್ಪನ ಕಾಗದದಿಂದ ಒಂದೊಂದು ಮಾತು ಎದ್ದು ಬಂತು. ಅಕೌಂಟಿಗೆ ಖಾತೆ. ಕಂಪ್ಲೇಂಟಿಗೆ ತಕರಾರು. ಸಸ್ಪೆಂಡಿಗೆ ಅಮಾನತು. ಮೊದಲು ವೆಬ್‌ಸೈಟು ಎಂಬ ಮಾತೂ ಅದರಲ್ಲಿತ್ತು. ಆದರೆ ಕನ್ನಡದ ಮೆಸೇಜು ಉದ್ದವಾದರೆ ತುಂಡುತುಂಡಾಗಿ ಹೋಗುತ್ತಿತ್ತು, ಒಮ್ಮೊಮ್ಮೆ ಬಾಲ ಮೊದಲು ಬಂದು ತಲೆ ಆಮೇಲೆ ಬರುತ್ತಿತ್ತು. ಹಾಗಾಗಿ ಮಾತು ಕತ್ತರಿಸುತ್ತ ಬಂದೆ. ಯಾವುದರ ಖಾತೆ ಎಂದು ಗಿರಾಕಿಗೆ ಗೊತ್ತೇ ಇರುತ್ತದಲ್ಲ ಎಂದುಕೊಂಡೆ. ಕೊನೆಗೆ ಉಳಿದದ್ದು ಇಷ್ಟು:

ನಿಮ್ಮ ಖಾತೆಗೆ ತಕರಾರು ಬಂದಿದೆ. ಅಮಾನತಿನಲ್ಲಿದೆ. ಒಂದು ದಿನದಲ್ಲಿ ಇತ್ಯರ್ಥವಾಗದಿದ್ದರೆ ರದ್ದು. ದೂರು ವಿಭಾಗ, ಕಡೂರು.

ಯಜಮಾನರು ಓದಿ ತಲೆದೂಗಿದರು. "ಗೌರ್ಮೆಂಟ್ ನೋಟಿಸ್ ಇದ್ದಂಗಿದೆ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ನಿಜಕ್ಕೂ ಅದು ಕೆಲಸ ಮಾಡಿತು. ಮುಂಚೆ ನಾಲ್ಕು ದಿನ ಉತ್ತರವಿಲ್ಲದವರು ಈಗ ಗಂಟೆಯೊಳಗೆ ಫೋನು ಮಾಡುತ್ತಿದ್ದರು. ದನಿಯಲ್ಲಿ ಹೆದರಿಕೆ ಇರುತ್ತಿತ್ತು. ಕನ್ನಡದ ಶಕ್ತಿ ನೋಡಿ ಎಂದು ನಾನು ಇಂಜಿನಿಯರಿಗೆ ಹೇಳಿಕೊಂಡು ತಿರುಗಿದೆ.

ಆ ಸೋಮವಾರ ಯೂರೋಪಿನಿಂದ ಎರಡು ದೂರು ಒಟ್ಟಿಗೆ ಬಂದಿದ್ದವು. ಒಂದನ್ನು ಮುಗಿಸಿ ಎರಡನೆಯದನ್ನು ತೆರೆದೆ. ಅಜ್ಜಂಪುರದ ಆಚೆಯ ಹಳ್ಳಿಯೊಂದರ ಹೆಂಗಸಿನ ಅಕೌಂಟು. ಹುರಿಹಿಟ್ಟು ಮಾರುವ ಪುಟ್ಟ ವೆಬ್‌ಸೈಟು, ಯಾವುದೋ ತರಬೇತಿ ಶಿಬಿರದಲ್ಲಿ ಮಾಡಿಕೊಟ್ಟದ್ದು. ಒಂದು ಡಬ್ಬಿಯ ಫೋಟೋ, ಒಂದು ಫೋನ್ ನಂಬರು. ಅಲ್ಲಿಂದ ಬೆಳಗಿನ ಜಾವದಿಂದ ಸಾವಿರಾರು ಮೇಲ್ ಹೋಗಿದ್ದವು, ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಇಲ್ಲಿ ಒತ್ತಿ ಎಂದು. ಹುರಿಹಿಟ್ಟಿಗೂ ಇದಕ್ಕೂ ಏನು ಸಂಬಂಧ ಎಂದು ಒಂದು ಕ್ಷಣ ಯೋಚಿಸಿದ್ದರೆ ತಿಳಿಯುತ್ತಿತ್ತು, ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಎಂದು. ಯೋಚಿಸಲಿಲ್ಲ. ನಿಲ್ಲಿಸಿದೆ. ವಿವರವಾದ ಮೇಲ್ ಅವರ ಪೆಟ್ಟಿಗೆಗೆ ಹೋಯಿತು, ಆ ಪೆಟ್ಟಿಗೆಯನ್ನೇ ನಾನು ಆಗಷ್ಟೇ ಮುಚ್ಚಿದ್ದೆ. ಮೆಸೇಜು ಫೋನಿಗೆ ಹೋಯಿತು. ನಾನು ಚಹಾ ಕುಡಿದೆ.

ಮಂಗಳವಾರ ಉತ್ತರ ಬರಲಿಲ್ಲ. ಬುಧವಾರವೂ ಇಲ್ಲ. ಒಂದು ಫೋನು ಮಾಡಲು ಇವರಿಗೇನು ಧಾಡಿ ಎಂದು ಬೈದುಕೊಂಡೆ. ಅವರಿಗೆ ನಾನೇ ಮಾಡಬಹುದಿತ್ತು. ನಂಬರು ಆ ಡಬ್ಬಿಯ ಫೋಟೋದ ಕೆಳಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ನಲವತ್ತೈದರ ಸುಮಾರು, ಕೈಯಲ್ಲಿ ಬಟ್ಟೆಯಂಗಡಿಯ ಚೀಲ, ಅದನ್ನು ಎದೆಗೆ ಒತ್ತಿ ಹಿಡಿದಿದ್ದರು. ಕಡೂರಿನ ತಾಲ್ಲೂಕು ಕಚೇರಿಯಲ್ಲೆಲ್ಲ ದೂರು ವಿಭಾಗ ಎಲ್ಲಿ ಎಂದು ಕೇಳಿ, ಕೊನೆಗೆ ಅಲ್ಲಿನ ಛಾಪಾ ಕಾಗದದವರು ಅವರ ಫೋನು ನೋಡಿ, ಮೆಸೇಜಿನ ಮೇಲೆ ಕಳಿಸಿದವರ ಗುರುತಾಗಿ ಇರುವ ಇಂಗ್ಲಿಷ್ ಅಕ್ಷರಗಳೇ ನಮ್ಮ ಬೋರ್ಡಿನ ಮೇಲೂ ಇವೆ ಎಂದು ಕಳಿಸಿದ್ದರಂತೆ. ಹುರಿಹಿಟ್ಟಿನವರು ಎಂದು ಹೆಸರು ಕೇಳಿದ ಮೇಲೆ ನನಗೆ ತಿಳಿಯಿತು.

"ಖಾತೆ ಅಮಾನತು ಮಾಡಿರೋದು ಇಲ್ಲೇನಾ?" ಎಂದರು.

"ಇಲ್ಲೇ. ನಾನೇ ಮಾಡಿದ್ದು" ಎಂದೆ. ಹೇಳುವಾಗ ಸ್ವಲ್ಪ ಗತ್ತೂ ಇತ್ತು.

"ತಕರಾರು ತೆಗ್ಸಿದೀನಿ. ಇನ್ನು ಬಿಟ್ಕೊಡಿ."

ನಾಲ್ಕು ದಿನ ತಡವಾದರೂ ತಾವೇ ಸರಿಮಾಡಿಕೊಂಡು ಬಂದಿದ್ದಾರಲ್ಲ ಎಂದು ನನಗೆ ಮೆಚ್ಚುಗೆಯಾಯಿತು. "ಯಾರು ಮಾಡ್ತಿದ್ರು ಅಂತ ಗೊತ್ತಾಯ್ತಾ?" ಎಂದೆ.

"ಇನ್ಯಾರು ಮಾಡ್ತಾರೆ? ನಮ್ ಬಾವ."

"ನಿಮ್ ಬಾವನಾ? ಅವ್ರಿಗೆ ಪಾಸ್‌ವರ್ಡ್ ಕೊಟ್ಟಿದ್ರಾ?"

"ಅವ್ರಿಗೆ ಏನ್ ಕೊಟ್ರೂ ಸಾಲ್ತಿರ್ಲಿಲ್ಲ ಮೇಡಮ್. ಅದಕ್ಕೇ ಬೋರಿರೋ ಎಕ್ರೇನೇ ಕೊಟ್ಬಿಟ್ಟೆ."

ಅಲ್ಲಾಡುತ್ತಿದ್ದ ನನ್ನ ಕಾಲು ನಿಂತಿತು. ಏನು ಕೊಟ್ಟಿರಿ ಎಂದು ಇನ್ನೊಮ್ಮೆ ಕೇಳಿದೆ. ಅವರು ಚೀಲದಿಂದ ಛಾಪಾ ಕಾಗದದ ಒಂದು ಜೆರಾಕ್ಸ್ ತೆಗೆದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. ರಾಜಿ ಪತ್ರ. ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಜಮೀನಿನ ಪೌತಿ ಖಾತೆಗೆ, ಅಂದರೆ ಸತ್ತವನ ಹೆಸರಿನಿಂದ ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ, ಅವರು ಅರ್ಜಿ ಹಾಕಿದ್ದರು. ಈಗ ಅದರಲ್ಲಿ ಕೊಳವೆಬಾವಿ ಇರುವ ಒಂದು ಎಕರೆಯನ್ನು ಬಾವನಿಗೆ ಬಿಟ್ಟುಕೊಡುವುದಾಗಿಯೂ, ಉಳಿದ ಖುಷ್ಕಿಗೆ, ಅಂದರೆ ಮಳೆ ನಂಬಿದ ಜಮೀನಿಗೆ, ಬಾವನ ತಕರಾರಿಲ್ಲವೆಂದೂ ಬರೆದಿತ್ತು. ಕೆಳಗೆ ದುಂಡಗಿನ ಅಕ್ಷರದ ಸಹಿ. ಮಂಗಳವಾರದ ತಾರೀಖು.

"ಒಂದೇ ದಿನ ಅಂತ ಬರ್ದಿದ್ರಲ್ಲ" ಎಂದರು. "ಸೋಮವಾರ ಸಂಜೇನೇ ಬಾವನ ಹತ್ರ ಹೋದೆ."

ನನಗೆ ನಾಚಿಕೆಯಾಯಿತು ಎಂದರೆ ಸಾಲದು. ಕುರ್ಚಿ ಎಳೆದು ಕೂರಿಸಿ, ಈ ಮೆಸೇಜು ಜಮೀನಿಗೆ ಸಂಬಂಧಪಟ್ಟದ್ದಲ್ಲ, ನಿಮ್ಮ ವೆಬ್‌ಸೈಟಿಗೆ ಸಂಬಂಧಪಟ್ಟದ್ದು, ನಿಮ್ಮ ಮೇಲ್‌ನಿಂದ ಯಾರೋ ಕಳ್ಳ ಮೇಲ್ ಕಳಿಸಿದ್ದಾರೆ ಎಂದು ಬಿಡಿಸಿ ಹೇಳಿದೆ. ಪರದೆ ತಿರುಗಿಸಿ ಅವರ ಡಬ್ಬಿಯ ಫೋಟೋ ತೋರಿಸಿದೆ. ಅವರು ಡಬ್ಬಿಯನ್ನೂ ಫೋನನ್ನೂ ಎರಡು ಮೂರು ಸಲ ನೋಡಿದರು.

"ಇದಕ್ಕೂ ಖಾತೆ ಅಂತಾರಾ?" ಎಂದರು.

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. "ಕಡೂರು ಅಂತ ಇತ್ತಲ್ಲ, ಅನುಮಾನ ಬರ್ಲಿಲ್ವಾ?" ಎಂದು ಕೇಳಿದೆ, ತಪ್ಪಿನಲ್ಲಿ ಒಂದು ಚೂರನ್ನಾದರೂ ಅವರಿಗೆ ದಾಟಿಸುವ ಆಸೆಯಿಂದ. "ಮುಂಚೆ ತರೀಕೆರೆ ಅಂತಿದ್ರು, ಈಗ ನಮ್ದೇ ಅಜ್ಜಂಪುರ ತಾಲ್ಲೂಕು ಅಂತಾರೆ. ಕಾಗ್ದ ಕಡೂರ್ಗೂ ಬಂದಿರ್ಬೋದು ಅನ್ಕಂಡೆ" ಎಂದರು. ಆ ಲೆಕ್ಕದಲ್ಲಿ ತಪ್ಪೇನಿದೆ?

ರಾಜಿ ಪತ್ರವನ್ನು ಇನ್ನೂ ಕಚೇರಿಗೆ ಕೊಟ್ಟಿರಲಿಲ್ಲ. ಬಾವ ಗೊತ್ತುಮಾಡಿದ್ದಂತೆ ಅವತ್ತೇ ಮಧ್ಯಾಹ್ನ ಮೂರಕ್ಕೆ ಬಾವನೂ ಅವರೂ ಅಜ್ಜಂಪುರದ ತಾಲ್ಲೂಕು ಕಚೇರಿಯಲ್ಲಿ ಸೇರಿ ಅದನ್ನು ಕೊಟ್ಟು ಹೇಳಿಕೆಗೆ ಸಹಿ ಮಾಡಬೇಕಾಗಿತ್ತು. ಕಡೂರಿನಲ್ಲಿ ಅಮಾನತು ತೆಗೆಯದೆ ಅಲ್ಲಿ ರಾಜಿ ಪತ್ರ ತೆಗೆದುಕೊಳ್ಳಲಾರರು ಎಂದು ಇವರು ಮುಂಚೆ ಇಲ್ಲಿಗೆ ಬಂದಿದ್ದರು. ಹೇಳಿಕೆ ಕೊಟ್ಟರೆ ಬೋರಿನ ಎಕರೆ ಹೋಯಿತು. ಕೊಡದಿದ್ದರೆ ಉಳಿಯಬಹುದು. ನಾನು ಎದ್ದೆ.

ಯಜಮಾನರು ಎಲ್ಲ ಕೇಳಿ, "ನಾವು ಕಳ್ಸಿರೋದು ಸರಿಯಾಗೇ ಇದೆ. ಅವ್ರು ತಪ್ಪು ತಿಳ್ಕೊಂಡ್ರೆ ನಾವೇನ್ ಮಾಡಾಣ?" ಎಂದರು. ಇದೇ ಮಾತನ್ನು ಎಷ್ಟೋ ಗಿರಾಕಿಗಳಿಗೆ ನಾನೇ ಹೇಳಿದ್ದೇನೆ. ಆದರೂ ಅವತ್ತು ಕೇಳಲಾಗಲಿಲ್ಲ. ರಜೆ ಎಂದು ಬರೆದುಕೊಳ್ಳಿ ಎಂದು ಮೆಟ್ಟಿಲಿಳಿದೆ.

ಬೀರೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಅಜ್ಜಂಪುರಕ್ಕೆ ಇನ್ನೊಂದು. ಬೀರೂರಿನಲ್ಲಿ ಮುಕ್ಕಾಲು ಗಂಟೆ ಕಾದೆವು. ನಾನು ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ, ಅವರು ಬೆಂಚಿನ ಮೇಲೆ ಚೀಲ ಹಿಡಿದು ಕುಳಿತಿದ್ದರು. ಇಂಜಿನಿಯರಿಗೆ ಫೋನು ಮಾಡಿ, ಆ ಮೇಲ್‌ಗಳು ಎಲ್ಲಿಂದ ಹೋಗಿವೆ ನೋಡಿ ಎಂದೆ. ಐದೇ ನಿಮಿಷದಲ್ಲಿ ಹೇಳಿದರು. ಯಾವುದೋ ಹೊರದೇಶದಿಂದ ಒಳಗೆ ಬಂದಿದ್ದಾರೆ, ಪಾಸ್‌ವರ್ಡು ಹುರಿಹಿಟ್ಟು ಒಂದು ಎರಡು ಮೂರು ಎಂದಿತ್ತು, ಯಾರು ಬೇಕಾದರೂ ಊಹಿಸಬಹುದಿತ್ತು. ಐದು ನಿಮಿಷದ ಕೆಲಸ. ಅದನ್ನು ಸೋಮವಾರ ಮಾಡಿದ್ದರೆ ಮೆಸೇಜೇ ಬೇಕಿರಲಿಲ್ಲ.

ಬಸ್ಸು ಹೊರಟ ಮೇಲೆ ಬಾವನ ವಿಷಯ ಕೇಳಿದೆ. ಗಂಡನ ಅಣ್ಣ. ಒಂದೇ ಮನೆ, ನಡುವೆ ಗೋಡೆ ಎತ್ತಿ ಎರಡು ಮಾಡಿಕೊಂಡಿದ್ದಾರೆ, ಅಂಗಳ ಒಂದೇ. ಗಂಡ ತೀರಿಕೊಂಡಾಗ ಎಲ್ಲ ಕರ್ಮ ನಿಂತು ಮಾಡಿಸಿದವರು, ಆ ವರ್ಷ ಇವರ ಹೊಲವನ್ನೂ ತಾವೇ ಬಿತ್ತಿಸಿದವರು. ಒಂದು ಸಲ ಬದುವಿನ ಮಾತಿಗೆ ಜಗಳವಾಗಿ, "ನಾನು ತಕರಾರು ಹಾಕಿದ್ರೆ ನಿನ್ ಖಾತೆ ಆದಂಗೇ ಇದೆ" ಎಂದಿದ್ದರಂತೆ. ಆ ಮಾತು ಇವರ ತಲೆಯಲ್ಲಿ ಕುಳಿತಿತ್ತು. ಸೋಮವಾರ ನನ್ನ ಮೆಸೇಜು ಬಂದಾಗ ಅದಕ್ಕೆ ಸರಿಯಾಗಿ ಹೊಂದಿಕೊಂಡಿತು.

"ನೀವು ಹೋದಾಗ ಬಾವ ಏನಂದ್ರು?" ಎಂದೆ.

"ಏನೂ ಅನ್ಲಿಲ್ಲ. ನಾನು ಅತ್ಕಂಡು, ತಕರಾರು ತೆಗೀರಿ ಬಾವ, ಏನ್ ಬೇಕೋ ತಗಳ್ರಿ ಅಂದೆ. ಸುಮ್ನೆ ಕೇಳ್ಕಂಡ್ರು. ಬೆಳಿಗ್ಗೆ ಕಾಗ್ದ ಬರ್ಸ್ಕಂಡ್ ಬಂದ್ರು." ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಕೆಟ್ಟೋರಲ್ಲ ಮೇಡಮ್ ನಮ್ ಬಾವ. ಬಾಯಿ ಜೋರು ಅಷ್ಟೇ. ಅವ್ರಿಗೂ ನ್ಯಾಯ ಅನ್ಸಿರ್ಬೇಕು, ಅದಕ್ಕೇ ಹಾಕಿದಾರೆ. ಹಾಕ್ದೇ ಇದ್ದಿದ್ರೆ ಅವತ್ತೇ ಹೇಳ್ತಿದ್ರು."

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಆ ದಾರಿಯುದ್ದಕ್ಕೂ ನಾನು, ಬಾವ ನಿಜವಾಗಿಯೂ ತಕರಾರು ಹಾಕಿರಲಿ ಎಂದು ಹಾರೈಸುತ್ತಿದ್ದೆ. ಹಾಕಿದ್ದರೆ ನನ್ನ ಮೆಸೇಜು ಬರೀ ಕಾಕತಾಳೀಯ. ಇವತ್ತಲ್ಲದಿದ್ದರೆ ನಾಳೆ ಇವರು ರಾಜಿಯಾಗುತ್ತಿದ್ದರು, ನಾನು ಮನೆಗೆ ಹೋಗಿ ಅನ್ನ ತಿನ್ನಬಹುದು. ಪಕ್ಕದಲ್ಲಿ ಕುಳಿತವರ ಜಮೀನಿಗಿಂತ ನನ್ನ ತಪ್ಪಿನ ಅಳತೆಯೇ ನನಗೆ ದೊಡ್ಡದಾಗಿತ್ತು.

ಅಜ್ಜಂಪುರದಲ್ಲಿ ಇಳಿದಾಗ ಎರಡೂವರೆ. ಕಚೇರಿಯಲ್ಲಿ ಜನ ಇದ್ದರು. ಅವರ ಸರದಿಗಾಗಿ ಕಾಯುತ್ತ ನಾನು ನಾಲ್ಕು ಸಲ ಕಿಟಕಿಯ ಹತ್ತಿರ ಹೋಗಿ ಇಣುಕಿ, ಅಲ್ಲಿ ಕುಳಿತಿದ್ದ ಗುಮಾಸ್ತರಿಂದ ನಾಲ್ಕು ಸಲ "ಬತ್ತದೆ ಇರಮ್ಮ" ಎನ್ನಿಸಿಕೊಂಡೆ. ಅಷ್ಟರಲ್ಲಿ ಬಾವ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮೂಲ ರಾಜಿ ಪತ್ರ. ನನ್ನನ್ನು ನೋಡಿ ಯಾರು ಎಂದು ಕೇಳಿದರು. "ಕಡೂರಿನೋರು. ಮೆಸೇಜು ಕಳ್ಸಿದೋರು" ಎಂದರು ಇವರು. ಬಾವ ಮತ್ತೇನೂ ಕೇಳದೆ ಬೆಂಚಿನ ಆ ತುದಿಯಲ್ಲಿ ಕುಳಿತರು.

ಕರೆದಾಗ ಮೂವರೂ ಎದ್ದೆವು. ಗುಮಾಸ್ತರು ಅರ್ಜಿಯ ನಂಬರು ಒತ್ತಿ ಪರದೆ ನೋಡಿದರು. "ಪೌತಿ ಖಾತೆ. ನೋಟಿಸಿನ ಅವಧಿ ಮುಗಿಯೋಕೆ ಇನ್ನೂ ಎಂಟು ದಿನ ಇದೆ. ಆಮೇಲೆ ನಿಮ್ಮ ಹೆಸರಿಗೇ ಆಗುತ್ತೆ. ಏನಾಗ್ಬೇಕಿತ್ತು?"

"ತಕರಾರು ಇತ್ತಲ್ಲ ಸಾರ್, ಅದು..." ಎಂದರು ಇವರು.

"ಯಾವ ತಕರಾರು?" ಗುಮಾಸ್ತರು ಮತ್ತೊಮ್ಮೆ ನೋಡಿದರು. ಪಕ್ಕದ ಕಡತವನ್ನೂ ತೆಗೆಸಿ ನೋಡಿದರು. "ಇಲ್ವಲ್ಲಮ್ಮ. ಯಾರೂ ಹಾಕಿಲ್ಲ."

ನನ್ನ ಹಾರೈಕೆ ನೆಲಕ್ಕೆ ಬಿತ್ತು. ತಕರಾರು ಎಂದು ಇದ್ದದ್ದು ಒಂದೇ, ಅದನ್ನು ಹಾಕಿದವಳು ನಾನೇ. ಆದರೆ ಹುರಿಹಿಟ್ಟಿನವರು ನನ್ನ ಕಡೆ ತಿರುಗಲಿಲ್ಲ. ಬಾವನ ಕಡೆ ತಿರುಗಿದರು.

"ಬಾವ, ನೀವು ತಕರಾರು ಹಾಕಿರ್ಲಿಲ್ವಾ?"

ಬಾವ ಕೈಯಲ್ಲಿದ್ದ ಕಾಗದವನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. "ನೀನೇ ಬಂದು ತೆಗೀರಿ ಅಂದೆ. ನಾನೇನು ಹಾಕಿದೀನಿ ಅಂದ್ನಾ?"

ಅದು ನಿಜ. ಅವರು ಸುಳ್ಳು ಹೇಳಿರಲಿಲ್ಲ. ಅತ್ತುಕೊಂಡು ಬಂದ ತಮ್ಮನ ಹೆಂಡತಿಗೆ, ನಾನು ಯಾವ ತಕರಾರೂ ಹಾಕಿಲ್ಲ, ಹೋಗಿ ಮಲಗು ಎಂದು ಹೇಳಿರಲಿಲ್ಲ, ಅಷ್ಟೇ. ಬೆಳಗಾಗುವುದರೊಳಗೆ ಛಾಪಾ ಕಾಗದ ತಂದಿದ್ದರು.

ಗುಮಾಸ್ತರಿಗೆ ಸಾಲಿನಲ್ಲಿ ಹಿಂದಿದ್ದವರ ಅವಸರ. "ಕೈಲಿರೋದು ರಾಜಿ ಪತ್ರ ತಾನೇ, ಕೊಡ್ತೀರೋ ಇಲ್ವೋ?" ಎಂದರು. ಇವರು ನಿಂತೇ ಇದ್ದರು. ನನಗೆ ತಡೆಯಲಾಗದೆ, "ಕೊಡ್ಬೇಡಿ" ಎಂದುಬಿಟ್ಟೆ. ನನ್ನನ್ನು ಯಾರೂ ಕೇಳಿರಲಿಲ್ಲ. ಇವರು ನನ್ನ ಮುಖವನ್ನೂ ನೋಡದೆ ಗುಮಾಸ್ತರಿಗೆ, "ಇಲ್ಲ ಸಾರ್. ಕೊಡಲ್ಲ" ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಬಾವ ಕಾಗದವನ್ನು ಜೇಬಿಗಿಟ್ಟುಕೊಂಡು, "ಸಹಿ ಮಾಡಿರೋದು ಮಾಡಿದ್ದೇ" ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಗೆ ಹೋದರು. ಅದರಿಂದ ಈಗ ಏನಾಗುತ್ತದೆ ಎಂದು ಗುಮಾಸ್ತರನ್ನು ಕೇಳಿದೆ. "ತಕರಾರು ಇದ್ರೆ ಅವ್ರು ಎಂಟು ದಿನದಲ್ಲಿ ಹಾಕ್ಲಿ, ವಿಚಾರಣೆ ಆಗುತ್ತೆ. ಈಕೆ ಒಪ್ಪದೆ ಈ ಕಾಗ್ದಕ್ಕೆ ಇಲ್ಲಿ ಬೆಲೆ ಇಲ್ಲ" ಎಂದರು. ಬಾವ ಆ ಎಂಟು ದಿನದಲ್ಲಿ ಹಾಕಲಿಲ್ಲ, ಖಾತೆ ಇವರ ಹೆಸರಿಗೇ ಆಯಿತು ಎಂದು ಆಮೇಲೆ ತಿಳಿಯಿತು.

ಹೊರಗೆ ಬಂದು ಬಸ್‌ ಸ್ಟ್ಯಾಂಡಿನ ಕಡೆ ನಡೆದೆವು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಮಾತು ಹರಿಯತೊಡಗಿತ್ತು. ಇವತ್ತೇ ಇಂಜಿನಿಯರಿಗೆ ಹೇಳಿ ನಿಮ್ಮ ವೆಬ್‌ಸೈಟು ಬಿಡಿಸುತ್ತೇನೆ, ಗಟ್ಟಿಯಾದ ಪಾಸ್‌ವರ್ಡು ಹಾಕಿಕೊಡುತ್ತೇನೆ, ಆ ಮೆಸೇಜನ್ನೂ ನಾಳೆಯಿಂದ ಕಳಿಸುವುದಿಲ್ಲ ಎಂದೆಲ್ಲ ಒದರಿದೆ. ನಡೆಯುತ್ತಲೇ ಯಜಮಾನರಿಗೆ ಫೋನು ಮಾಡಿ ಖಾತೆ ಎಂಬ ಮಾತು ತೆಗೆಸಿ ಎಂದೆ. "ಬದಲಿಗೆ ಏನ್ ಹಾಕ್ಲಿ?" ಎಂದರು. ಗೊತ್ತಿಲ್ಲ, ಸದ್ಯಕ್ಕೆ ಯಾರಿಗೂ ಏನೂ ಕಳಿಸಬೇಡಿ, ನಾನೇ ಒಬ್ಬೊಬ್ಬರಿಗೂ ಫೋನು ಮಾಡುತ್ತೇನೆ ಎಂದೆ.

"ವೆಬ್‌ಸೈಟು ಬೇಡ ಬಿಡಿ ಮೇಡಮ್" ಎಂದರು ಇವರು. "ಹುರಿಹಿಟ್ಟು ಬೇಕಾದೋರು ಫೋನ್ ಮಾಡ್ತಾರೆ."

"ನನ್ನಿಂದ ತಪ್ಪಾಯ್ತು. ಆದ್ರೂ ದೇವರು ದೊಡ್ಡೋನು, ಜಮೀನು ಉಳೀತಲ್ಲ" ಎಂದೆ.

ಅವರು ನಿಂತರು. ಇಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. "ಉಳೀತು. ನೀವು ಆ ಮೆಸೇಜು ಕಳಿಸ್ದೇ ಇದ್ದಿದ್ರೂ ಉಳೀತಿತ್ತು. ನಮ್ ಬಾವ ಕೆಟ್ಟೋರಲ್ಲ ಅಂತ ನಾನು ಸಾಯೋತನಕ ಅಂದ್ಕೊಂಡಿರ್ತಿದ್ದೆ."

ಅವರ ಹಳ್ಳಿಯ ಕಡೆಗೆ ಸಂಜೆ ಹೋಗುವುದು ಒಂದೇ ಬಸ್ಸು. ಅದು ಆಗಲೇ ನಿಂತಿತ್ತು, ಅರ್ಧಕ್ಕರ್ಧ ಖಾಲಿ. ಮುಂದಿನಿಂದ ಮೂರನೆಯ ಸೀಟಿನಲ್ಲಿ ಬಿಳಿ ಅಂಗಿಯ ಬಾವ ಕುಳಿತಿದ್ದರು. ಇವರು ಚೀಲವನ್ನು ತೋಳಿಗೆ ಏರಿಸಿಕೊಂಡು ಹತ್ತಿದರು. ಬಸ್ಸು ಹೊರಡುವವರೆಗೂ ನಾನು ಕೆಳಗೆ ನಿಂತು ನೋಡಿದೆ. ಅಷ್ಟೊಂದು ಸೀಟು ಖಾಲಿ ಇದ್ದರೂ ಅವರು ಹಿಂಬಾಗಿಲ ಕಂಬಿ ಹಿಡಿದು, ಬಾವನ ಕಡೆಗೆ ಬೆನ್ನು ಮಾಡಿ ನಿಂತೇ ಹೋದರು.